ಕಾರಂಜಿ ಎಡಕ್ಕೋ, ಬಲಕ್ಕೋ?

ಬಡಾವಣೆಯ ಉದ್ಯಾನವನ್ನು ಅಭಿವೃದ್ಧಿಪಡಿಸುವ ಮುನ್ನ ಅಲ್ಲಿನ ನಿವಾಸಿಗಳನ್ನು ಒಂದು ಮಾತು ಕೇಳಬೇಕೆಂಬ ಉದಾತ್ತ ಚಿಂತನೆ ಈಗ ಬಹುತೇಕ ಎಲ್ಲ ಆಡಳಿತಗಳಿಗೂ ಬಂದಿದೆ. ಯಾವಾಗ ಕೇಳಬೇಕೆಂಬ ವಿಷಯದಲ್ಲೂ ಅವುಗಳಲ್ಲಿ ಅಪೂರ್ವ ಒಮ್ಮತವಿದೆ: ನಕ್ಷೆಗೆ ಸಹಿ ಬಿದ್ದು, ಟೆಂಡರ್ ಮುಗಿದು, ಗುತ್ತಿಗೆದಾರರ ಲಾರಿ ಗೇಟಿನ ಬಳಿ ಜಲ್ಲಿ ಸುರಿದ ಮೇಲೆ. ಅದಕ್ಕೂ ಮೊದಲೇ ಕೇಳಿದರೆ ಜನ ಏನಾದರೂ ಹೇಳಿಬಿಡುವ ಅಪಾಯವಿರುತ್ತದೆ.

ಸಮಾಲೋಚನಾ ಸಭೆಯ ಮುಹೂರ್ತವನ್ನೂ ಅಷ್ಟೇ ಮುತುವರ್ಜಿಯಿಂದ ಗೊತ್ತುಮಾಡಲಾಗುತ್ತದೆ. ದುಡಿಯುವವರು ಕೆಲಸದಲ್ಲಿ, ಮಕ್ಕಳು ಶಾಲೆಯಲ್ಲಿ ಇರುವ ಹೊತ್ತು, ಅಂದರೆ ಉದ್ಯಾನವನ್ನು ಹೆಚ್ಚು ಬಳಸುವವರೆಲ್ಲ ಕ್ಷೇಮವಾಗಿ ದೂರದಲ್ಲಿರುವ ಹೊತ್ತೇ ಅದಕ್ಕೆ ಪ್ರಶಸ್ತ. ನೋಟಿಸನ್ನು ಗೇಟಿನ ಒಳಮೈಗೆ ಅಂಟಿಸಿ, ಕಾಮಗಾರಿಯ ನಿಮಿತ್ತ ಗೇಟಿಗೆ ಬೀಗ ಜಡಿದಿರುತ್ತಾರೆ.

ಸಭೆಯಲ್ಲಿ ಮೇಜಿನ ಮೇಲೆ ನಕ್ಷೆ, ಅದರ ಪಕ್ಕದಲ್ಲಿ ಬಣ್ಣದ ಅಂಟುಚುಕ್ಕೆಗಳು. ಆಯ್ಕೆಗಳು ಎರಡು: ಕಾರಂಜಿ ಎಡಕ್ಕೆ, ಅಥವಾ ಕಾರಂಜಿ ಬಲಕ್ಕೆ.

“ಕಾರಂಜಿ ಯಾಕಪ್ಪಾ, ಬೆನ್ನು ಒರಗಿಸೋಕೆ ಒಂದು ಬೆಂಚು, ಹತ್ತಿರದಲ್ಲೊಂದು ಶೌಚಾಲಯ ಇದ್ದರೆ ಸಾಕು,” ಎನ್ನುತ್ತಾರೆ ಒಬ್ಬ ವೃದ್ಧೆ.

“ಬಹಳ ಮೌಲಿಕ ಸಲಹೆ ಅಮ್ಮಾ, ಬರೆದುಕೊಂಡಿದ್ದೇವೆ. ಈಗ ಹೇಳಿ, ಎಡಕ್ಕೋ, ಬಲಕ್ಕೋ?”

ದಾರಿ ಕಾಣದೆ ಆಕೆ, ತಾವು ದಿನವೂ ಕೂರುವ ಮರ ನಕ್ಷೆಯಲ್ಲಿ ಎಲ್ಲೆಂದು ಹುಡುಕಿ, ಅದು ಸಿಗದೆ, ಇದ್ದಿರಬಹುದಾದ ಜಾಗದ ಮೇಲೆ ಚುಕ್ಕೆ ಅಂಟಿಸಿ ಹೋಗುತ್ತಾರೆ. ವರದಿಯಲ್ಲಿ ಅದು, ಮರ ತೆರವುಗೊಳಿಸಿ ಅಲ್ಲಿ ಕಾರಂಜಿ ಸ್ಥಾಪಿಸಲು ಹಿರಿಯ ನಾಗರಿಕರು ತೋರಿದ ತುಂಬುಹೃದಯದ ಬೆಂಬಲವಾಗಿ ದಾಖಲಾಗುತ್ತದೆ.

ಅಮೆರಿಕದ ಶೆರ್ರಿ ಅರ್ನ್‌ಸ್ಟೀನ್ ಎಂಬಾಕೆ 1969ರಲ್ಲಿಯೇ ನಾಗರಿಕ ಸಹಭಾಗಿತ್ವವನ್ನು 8 ಮೆಟ್ಟಿಲುಗಳ ಏಣಿಯಾಗಿ ವಿವರಿಸಿ, ನಡುವಿನ ಮಾಹಿತಿ ನೀಡಿಕೆ, ಸಮಾಲೋಚನೆ ಮತ್ತು ಸಮಾಧಾನಪಡಿಸುವಿಕೆ ಎಂಬ ಮೂರು ಮೆಟ್ಟಿಲುಗಳನ್ನು ಬರಿಯ ತೋರಿಕೆಯೆಂದು ಕರೆದಿದ್ದರು. ನಮ್ಮ ಯೋಜಕರು ಅದನ್ನು ಎಚ್ಚರಿಕೆಯೆಂದು ತಿಳಿಯದೆ ಆಸನ ವ್ಯವಸ್ಥೆಯೆಂದು ತಿಳಿದು ಅಲ್ಲಿಯೇ ಆರಾಮವಾಗಿ ಕುಳಿತಿದ್ದಾರೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರವಂತೂ 1989ರಲ್ಲಿ ಬಜೆಟ್ಟಿನ ಒಂದು ಭಾಗವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬ ತೀರ್ಮಾನವನ್ನೇ ನಿವಾಸಿಗಳಿಗೆ ಒಪ್ಪಿಸುವಷ್ಟು ಅಜಾಗರೂಕತೆ ತೋರಿತು. ಹಣದ ಮಾತು ಜನರೇ ಆಡುವುದಾದರೆ ಅಂಟುಚುಕ್ಕೆಗಳ ಗತಿಯೇನು?

ಹಾಗೆ ನೋಡಿದರೆ ಸಭೆಯಿಲ್ಲದೆಯೂ ಜನ ಅಭಿಪ್ರಾಯ ಕೊಡುತ್ತಲೇ ಇರುತ್ತಾರೆ. ಹುಲ್ಲುಹಾಸಿನ ನಡುವೆ ನೂರಾರು ಪಾದಗಳು ಸವೆಸಿ ಮೂಡಿಸಿದ ಕಾಲುದಾರಿಗಿಂತ ಸ್ಪಷ್ಟವಾದ ಅರ್ಜಿ ಇನ್ನೊಂದಿಲ್ಲ. ಆ ಅರ್ಜಿಗೆ ಉತ್ತರವಾಗಿ ಅಲ್ಲೊಂದು ಮುಳ್ಳಿನ ಪೊದೆ ನೆಟ್ಟು, ಹುಲ್ಲಿನ ಮೇಲೆ ನಡೆಯಬಾರದೆಂಬ ಫಲಕ ನಿಲ್ಲಿಸಿ, ಎಲ್ಲಿಗೂ ನೇರವಾಗಿ ಹೋಗದ ಅಂಕುಡೊಂಕಿನ ಕಲ್ಲುಹಾದಿಯನ್ನು ಪಕ್ಕದಲ್ಲಿ ಹಾಸಲಾಗುತ್ತದೆ. (ನಿವಾಸಿಗಳೂ ಸಾಮಾನ್ಯರಲ್ಲ, ಸಭೆಗೆ ಬಂದ ಕೆಲವರ ಏಕೈಕ ಬೇಡಿಕೆ, ಪಕ್ಕದ ಬೀದಿಯ ಮಕ್ಕಳು ಒಳಗೆ ಬರಬಾರದೆಂಬುದು. ವಿಚಿತ್ರವೆಂದರೆ ಅದು ಮಾತ್ರ ತಕ್ಷಣ ಈಡೇರುತ್ತದೆ.)

ಸಹಭಾಗಿತ್ವವು ಪೂರ್ಣ ಪ್ರಮಾಣದಲ್ಲಿ ಜಾರಿಗೆ ಬರುವುದು ಕಾರಂಜಿಯ ಮೋಟರು ಕೆಟ್ಟ ದಿನ. ಉದ್ಯಾನ ನಿಮ್ಮದೇ ಆಗಿರುವುದರಿಂದ ದುರಸ್ತಿಯ ವೆಚ್ಚವನ್ನು ನೀವೇ ಭರಿಸತಕ್ಕದ್ದೆಂದು ಮನೆಮನೆಗೂ ಪತ್ರ ಬರುತ್ತದೆ. ಅದರಲ್ಲಿಯೂ ನಿವಾಸಿಗಳ ಅಭಿಪ್ರಾಯಕ್ಕೆ ಧಾರಾಳ ಅವಕಾಶವಿದೆ: ಒಂದೇ ಕಂತೋ, ಎರಡು ಕಂತೋ?