ಕಾರ್ಬೊರೇಟರ್ ಬಿಚ್ಚೋಕಿಂತ ಮುಂಚೆ ಟ್ಯಾಂಕಿನ ಮುಚ್ಚಳ ತಗದು ನೋಡ್ರಪಾ

ಹಳೆ ಸ್ಪ್ಲೆಂಡರೋ ಪ್ಯಾಶನ್ನೋ ಸೆಕೆಂಡ್ ಹ್ಯಾಂಡ್ ತಗೊಂಡ ಹುಡುಗ್ರಿಗೆ ಒಂದು ಚಟ ಐತಿ, ಗಾಡಿ ಒಂದ್ಸಲ ಬಂದ್ ಬಿತ್ತು ಅಂದ್ರ ಸಾಕು, ಮೊಬೈಲ್‌ನ್ಯಾಗ ಎರಡು ವಿಡಿಯೋ ನೋಡಿ ಸೀದಾ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರಸಿ ಇಂಜಿನ್ನಿಗೆ ಕೊಡೋದು) ಬಿಚ್ಚಿ ಕುಂದರ್ತಾರ. ನನ್ನ ಪ್ರಕಾರ ಕಾರ್ಬೊರೇಟರ್‌ದು ಕಟ್ಟಕಡೀ ಪಾಳಿ. ನಮ್ಮ ಗಂಗಾವತಿ, ಸಿಂಧನೂರು, ಬಳ್ಳಾರಿ ಕಡಿ ಹಳೆ ಗಾಡಿ ಕೈ ಕೊಡೋದು ಹೆಚ್ಚಾಗಿ ಧೂಳಿನಿಂದ, ಆ ಧೂಳು ಕುಂದರೋ ಜಾಗ ಬ್ಯಾರೇನ ಅದಾವು, ಅವನ್ನ ನೋಡಾಕ ಮಿಸ್ತ್ರಿನೂ ಬೇಕಾಗಿಲ್ಲ. (ನಾ ಹೇಳಾಕತ್ತಿದ್ದು ಕಾರ್ಬೊರೇಟರ್ ಗಾಡಿ ಬಗ್ಗೆ. 2020ರ ಏಪ್ರಿಲ್‌ನ್ಯಾಗ ಬಿಎಸ್6 ಅನ್ನೋ ಹೊಗಿ ನಿಯಮ ಬಂದ ಮ್ಯಾಲ ಹೊಸಾವು ಹೆಚ್ಚುಕಡಿಮಿ ಎಲ್ಲಾ ಫ್ಯೂಯಲ್ ಇಂಜೆಕ್ಷನ್ ಆಗ್ಯಾವು, ಅವುಕ್ಕ ಈ ಲೆಕ್ಕ ನಡಿಯಂಗಿಲ್ಲ.)

ಗಾಡಿ ಸ್ವಲ್ಪ ದೂರ ಚಲೋನ ಓಡ್ತೈತಿ, ಆಮ್ಯಾಲ ಎಳ್ಯಾಕ ಒಲ್ಲೆ ಅಂತೈತಿ, ಗುಕ್ ಗುಕ್ ಅಂದು ನಿಲ್ತೈತಿ, ಹತ್ತು ನಿಮಿಷ ಬಿಟ್ಟು ಕಿಕ್ ಹೊಡದ್ರ ಮತ್ತ ಏನೂ ಆಗೇ ಇಲ್ಲ ಅನ್ನೋಹಂಗ ಸ್ಟಾರ್ಟ್. ಇದಕ್ಕ ಕಾರ್ಬೊರೇಟರ್ ಕ್ಲೀನ್ ಮಾಡ್ಸಿ, ಪ್ಲಗ್ (ಇಂಜಿನ್ನಿನ್ಯಾಗ ಕಿಡಿ ಹೊಡಿಯೋದು) ಬದಲ್ಸಿ, ಅದಕ್ಕ ಕರೆಂಟ್ ಕೊಡೋ ಕಾಯಿಲ್ ಹಾಕ್ಸಿ ರೊಕ್ಕ ಕಳಕೊಂಡೋರು ಎಷ್ಟು ಮಂದಿ ಅದಾರೋ. ನೋಡ್ರಿ, ಟ್ಯಾಂಕಿನ ಮುಚ್ಚಳದಾಗ ಒಂದು ಸಣ್ಣ ತೂತು ಇರ್ತೈತಿ. ಪೆಟ್ರೋಲ್ ಕೆಳಗ ಇಳದಂಗ ಅಷ್ಟು ಗಾಳಿ ಅದರಿಂದ ಒಳಗ ಬರಬೇಕು. ಸಂಡೂರು ಅದಿರು ಲಾರಿಗಳ ಹಿಂದ ಓಡಾಡೋ ಗಾಡಿಗೆ ಕೆಂಪು ಧೂಳು, ನಮ್ಮ ರೈಸ್ ಮಿಲ್ ಕಡಿ ಭತ್ತದ ಹೊಟ್ಟು, ಎರಡೂ ಸೇರಿ ಆ ತೂತು ಕಟ್ಟಿಬಿಟ್ರ ಟ್ಯಾಂಕ್ ತುಂಬಿದ್ರೂ ಪೆಟ್ರೋಲ್ ಇಳಿಯಂಗಿಲ್ಲ. ಮುಂದಿನ ಸಲ ನಿಂತಾಗ ಮುಚ್ಚಳ ತಗೀರಿ, ಸುಯ್ ಅಂತ ಗಾಳಿ ಎಳಕೊಂಡು ಗಾಡಿ ಆಮ್ಯಾಲ ಸ್ಟಾರ್ಟ್ ಆತು ಅಂದ್ರ ರೋಗ ಸಿಕ್ತು. ತೂತು ಸ್ವಚ್ಛ ಮಾಡ್ರಿ, ಮುಗೀತು.

ಇದಲ್ಲದಿದ್ರ ಆಮ್ಯಾಲ ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿ ನೋಡ್ರಿ. ಆನ್‌ನ್ಯಾಗ ಬರಲಿಲ್ಲ, ರಿಸರ್ವ್‌ನ್ಯಾಗ ಬಂತು ಅಂದ್ರ ಪೆಟ್ರೋಲ್ ಕಡಿಮಿ ಐತಿ ಅಷ್ಟ, ನಗಬ್ಯಾಡ್ರಿ, ಇದಕ್ಕೂ ಗಾಡಿ ತಳ್ಕೊಂಡು ಗ್ಯಾರೇಜಿಗೆ ಬರೋರು ಅದಾರ. ಕಾರ್ಬೊರೇಟರ್ ತಳದಾಗ ಒಂದು ಡ್ರೇನ್ ಸ್ಕ್ರೂ ಇರ್ತೈತಿ, ಇಂಜಿನ್ ತಣ್ಣಗಾದ ಮ್ಯಾಲ ಅದನ್ನ ಸಡಿಲ ಮಾಡಿ ಸಣ್ಣ ಗಾಜಿನ ಬಾಟ್ಲಿಗೆ ಹಿಡೀರಿ, ನೀರು ಜಾಸ್ತಿ ಸೇರಿದ್ರ ತಳದಾಗ ಬ್ಯಾರೆ ಆಗಿ ನಿಲ್ತೈತಿ. ಬೀಡಿ ಸಿಗರೇಟು ಬಾಜೂಕ ಇರಬಾರ್ದು, ಇದನ್ನೂ ಹೇಳಬೇಕಾಗ್ತೈತಿ.

ಇನ್ನ ಪ್ಲಗ್. ಬಿಚ್ಚೋಕಿಂತ ಮುಂಚೆ ಸುತ್ತಲಿನ ಮಣ್ಣು ಬ್ರಷ್ ಹಚ್ಚಿ ತಗೀರಿ, ಇಲ್ಲಾಂದ್ರ ಅದು ಸೀದಾ ಸಿಲಿಂಡರ್ ಒಳಗ. ಮುಖ ತಿಳಿ ಕಂದು ಇದ್ರ ಇಂಜಿನ್ ಚಲೋ ಉರಿಯಾಕತ್ತೈತಿ, ಮಸಿ ಹಿಡದಂಗ ಕರ್ರಗ ಇದ್ರ ಪೆಟ್ರೋಲ್ ಜಾಸ್ತಿ ಗಾಳಿ ಕಡಿಮಿ, ಬೆಳ್ಳಗ ಸುಟ್ಟಂಗ ಇದ್ರ ಉಲ್ಟಾ. ಕರ್ರಗ ಆಗಿ ಮ್ಯಾಲ ಎಣ್ಣಿ ಪಸಿ ಇದ್ರ ಇಂಜಿನ್ ಬೋರಿಗೆ ಬಂದಿರಬೌದು (ಒಳಗ ಸಿಲಿಂಡರ್ ಸವದಿರಬೌದು), ಅದು ನಮ್ಮ ಕೈಯಾಗಿನ ಕೆಲಸ ಅಲ್ಲ. ಸ್ಪ್ಲೆಂಡರ್ ಪ್ಲಗ್ಗಿನ ಗ್ಯಾಪ್ (ಕಿಡಿ ಹಾರೋ ಸಂದು) 0.6ರಿಂದ 0.7 ಮಿಲಿಮೀಟರ್, ಗೇಜ್ ಇಲ್ಲಾಂದ್ರ ಹಳೆ ಮಿಸ್ತ್ರಿಗಳು ಹ್ಯಾಕ್ಸಾ ಬ್ಲೇಡ್ ಹಿಡಿದು ನೋಡ್ತಾರ, ಹಲ್ಲಿನ ಕಡಿ ಅಲ್ಲ, ನಡು ಭಾಗ, ಅಂದಾಜು ಅಷ್ಟ ದಪ್ಪ ಇರ್ತೈತಿ. ತಿರುಗಿ ಹಾಕೋವಾಗ ಪಾನಾ ಬಾಜೂಕ ಇಟ್ಟು ಮೊದ್ಲು ಬೆರಳಿಂದ ತಿರುವ್ರಿ. ಪ್ಲಗ್ ಕುಂದರೋ ಇಂಜಿನ್ ಹೆಡ್ಡು ಅಲ್ಯೂಮಿನಿಯಮ್, ಪ್ಲಗ್ಗು ಉಕ್ಕು, ಸೊಟ್ಟ ಕುಂತಿದ್ದನ್ನ ಜೋರ್ ಹಾಕಿ ತಿರುವಿದ್ರ ಹೆಡ್ಡಿನ ತ್ರೆಡ್ ಹಾಳಾಗ್ತೈತಿ, ಸಣ್ಣ ಪ್ಲಗ್ಗಿನ ಖರ್ಚು ಹೋಗಿ ಲೇಥ್ ಅಂಗಡಿ ಖರ್ಚು ಬರ್ತೈತಿ. ಆಯಿಲ್ ಡ್ರೇನ್ ಬೋಲ್ಟಿಗೂ ಇದ ಮಾತು.

ಪ್ಲಗ್ ಕರ್ರಗ, ಮೈಲೇಜ್ ಇಲ್ಲ ಅಂದ ಕೂಡ್ಲೆ ಸ್ಕ್ರೂ ಡ್ರೈವರ್ ತಗೊಂಡು ಕಾರ್ಬೊರೇಟರಿನ ಏರ್ ಸ್ಕ್ರೂ (ಗಾಳಿ-ಪೆಟ್ರೋಲ್ ಹದ ಮಾಡೋದು) ತಿರುವೋರಿಗೆ ನಾ ಕೈ ಮುಗಿತೀನಿ. ಮೊದ್ಲು ಏರ್ ಫಿಲ್ಟರ್ ನೋಡ್ರಿ ಮಾರಾಯ್ರ! ಊರಿನ್ಯಾಗ ಓಡೋ ಗಾಡಿ ಲೆಕ್ಕ ನಮಗ ಹೊಂದಂಗಿಲ್ಲ, ಸುಗ್ಗಿ ಟೈಮಿನ್ಯಾಗ ಹೊಲದ ದಾರಿ ಹಿಡದ್ರ ಪುಸ್ತಕದಾಗ ಬರದದ್ದಕ್ಕಿಂತ ಬಾಳ ಮುಂಚೆ ಫಿಲ್ಟರ್ ಕಟ್ಟತೈತಿ. ಹಳೆ ಮಾಡಲ್‌ದಾಗ ಸ್ಪಂಜ್ ಇರ್ತೈತಿ, ಅದನ್ನ ಸೀಮಿಎಣ್ಣಿನ್ಯಾಗ ತೊಳದು, ಹಿಂಡಬ್ಯಾಡ್ರಿ, ಅಂಗೈಯಾಗ ಒತ್ತಿ ತಗದು, ನೆರಳಿನ್ಯಾಗ ಒಣಗ್ಸಿ, ಸ್ವಲ್ಪ ಇಂಜಿನ್ ಆಯಿಲ್ ಹಚ್ಚಿ ಹೆಚ್ಚಿಂದು ಒತ್ತಿ ತಗದು ಹಾಕ್ರಿ. ಆಮ್ಯಾಲಿನ ಗಾಡಿಗಳಿಗೆ ಜಿಡ್ಡು ಹಚ್ಚಿದ ಪೇಪರ್ ಫಿಲ್ಟರ್ ಬಂತು, ಅದನ್ನ ತೊಳ್ಯಂಗಿಲ್ಲ, ವಾಟರ್ ಸರ್ವಿಸ್‌ನೋರು ಹೊಡಿಯೋ ಗಾಳಿನೂ ಹೊಡಿಸಂಗಿಲ್ಲ, ಹೊಸಾದ ಹಾಕಬೇಕು. ಇಷ್ಟೆಲ್ಲಾ ಆದ ಮ್ಯಾಲೂ ಏರ್ ಸ್ಕ್ರೂ ಮುಟ್ಟಲೇಬೇಕು ಅಂದ್ರ, ಮೆಲ್ಲಕ ಪೂರ್ತಿ ಒಳಗ ತಿರುವಿ ಎಷ್ಟು ಸುತ್ತು ಆತು ಅಂತ ಎಣಿಸಿ ಬರದಿಟ್ಕೊಳ್ರಿ, ಹಾಳಾದ್ರ ಅಲ್ಲಿಗೇ ವಾಪಸ್ ತರಬೌದು. ಕಾರ್ಬೊರೇಟರ್ ಒಳಗ ಪೆಟ್ರೋಲ್ ಹಾಯೋ ಜೆಟ್ಟಿನ ತೂತಿಗೆ ಪಿನ್ನು, ವೈರು ತುರುಕಬ್ಯಾಡ್ರಿ, ಆ ತೂತು ಕಣ್ಣಿಗೆ ಗೊತ್ತಾಗದಷ್ಟು ಚೂರು ದೊಡ್ಡದಾದ್ರೂ ಪೆಟ್ರೋಲ್ ಲೆಕ್ಕ ತಪ್ಪತೈತಿ.

ಚೈನ್ ಬಗ್ಗೆ ಮಾತ್ರ ನಾ ಜಗಳಕ್ಕ ಬರ್ತೀನಿ. ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ತಿರುಗೋ ಚೈನಿಗೆ ಬಟ್ಟಿ ಹಿಡದು ಒರಸ್ತಾರಲ್ಲ, ಬಟ್ಟಿ ಸ್ಪ್ರಾಕೆಟ್‌ಗೆ ಸಿಕ್ರ ಬೆರಳು ಅದರ ಹಿಂದ ಹೋಗ್ತೈತಿ. ಇಂಜಿನ್ ಬಂದ್, ನ್ಯೂಟ್ರಲ್, ಗಾಲಿ ಕೈಲೆ ತಿರುವ್ರಿ. ಚೈನ್ ಬಿಗಿ ಮಾಡುವಾಗ ಹಿಂದಿನ ಗಾಲಿ ಎರಡೂ ಕಡಿ ಇರೋ ಗುರ್ತಿನ ಗೀಟು ಒಂದ ಅಳತಿಗೆ ಬರಬೇಕು, ಇಲ್ಲಾಂದ್ರ ಗಾಲಿ ಸೊಟ್ಟ. ಕೈ ಹಚ್ಚಿದ್ರ ಚೂರೂ ಅಳ್ಳಾಡದಂಗ ಬಿಗಿ ಮಾಡೋದೂ ತಪ್ಪ, ಇಬ್ಬರು ಕುಂತಾಗ ಅದು ಇನ್ನೂ ಬಿಗಿ ಆಗ್ತೈತಿ.

ಬಳ್ಳಾರಿ ಜಾಲಿ ಬಗ್ಗೆ ಹೇಳೋದು ಬಾಳಿಲ್ಲ, ಟ್ಯೂಬ್ ಬದಲ್ಸಿ ಮರುದಿನ ಮತ್ತ ಪಂಚರ್ ಆದ್ರ ಟೈರಿನ ಒಳಗ ಮುಳ್ಳಿನ ತುದಿ ಮುರದು ಉಳದೈತಿ ಅಂತ ತಿಳೀರಿ, ಬಟ್ಟಿ ಆಡಿಸಿ ನೋಡ್ರಿ. ಗಾಳಿ ಮುಂಜಾನಿ ತಂಪಿನ್ಯಾಗ ಹಾಕಿಸ್ರಿ, ಸ್ಪ್ಲೆಂಡರ್‌ಗೆ ಒಬ್ಬರಿಗೆ ಮುಂದ 25, ಹಿಂದ 28 ಪಿಎಸ್‌ಐ.

ಬ್ರೇಕ್ ನಟ್ಟು ಬಿಗಿ ಮಾಡೋದು, ವೈರಿಗೆ ಎಣ್ಣಿ ಬಿಡೋದು ನೀವ ಮಾಡ್ರಿ. ಆದ್ರ ಡ್ರಮ್ ಬಿಚ್ಚಿ ಶೂ ಹಾಕೋದು ಮೊದಲ ಸಲ ಮಿಸ್ತ್ರಿ ಮುಂದ ಕುಂತು ಮಾಡ್ರಿ. ಶೂಗೆ ಒಂದು ಹನಿ ಎಣ್ಣಿ ತಾಗಿದ್ರೂ ಬ್ರೇಕ್ ಹಿಡಿಯಂಗಿಲ್ಲ, ಆಮ್ಯಾಲ ಅದು ಗೊತ್ತಾಗೋದು ಲಾರಿ ಮುಂದ. "ಎಲ್ಲಾ ನೀವ ಮಾಡ್ಕೊಂಡ್ರ ಮಿಸ್ತ್ರಿ ಹೊಟ್ಟಿಗೇನು" ಅಂತ ಕೇಳ್ತಾರ ಕೆಲವ್ರು. ನಮ್ಮ ಓಣಿ ಮಿಸ್ತ್ರಿ ಚಾಚಾಗ ಕೇಳಿದ್ರ ಅವ್ರು, ಮುಚ್ಚಳದ ತೂತು ನೋಡಾಕ ಬರೋ ಗಿರಾಕಿ ಕಡಿಮಿ ಆದ್ರ ನಂಗ ಇಂಜಿನ್ ಕೆಲಸಕ್ಕ ಪುರಸೊತ್ತು ಸಿಗ್ತೈತಿ ಬಿಡಪಾ ಅಂದ್ರು.

ಇನ್ನೊಂದು, ಈಗ ಬಂಕಿನ್ಯಾಗ ಸಿಗೋ ಪೆಟ್ರೋಲ್‌ನ್ಯಾಗ ಶೇ. 20ರ ತನಕ ಎಥೆನಾಲ್ ಇರ್ತೈತಿ, ಅದು ನೀರು ಎಳಕೋತೈತಿ, ಹಳೆ ರಬ್ಬರಿಗೂ ಚಲೋ ಅಲ್ಲ. ತಿಂಗಳುಗಟ್ಲೆ ನಿಲ್ಲಿಸೋ ಗಾಡಿ ಇದ್ರ ಕಾರ್ಬೊರೇಟರ್ ಖಾಲಿ ಮಾಡಿ ನಿಲ್ಲಿಸ್ರಿ, ಪೆಟ್ರೋಲ್ ಪೈಪ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ರ ಇವತ್ತ ಬದಲ್ಸ್ರಿ. ಅಂಗಡಿಗೆ ಹೋಗುವಾಗ ಹಳೆ ತುಂಡು ಕೈಯಾಗ ಹಿಡ್ಕೊಂಡು ಹೋಗ್ರಿ, ಸ್ಪ್ಲೆಂಡರ್ ಪೈಪ್ ಕೊಡ್ರಿ ಅಂದ್ರ ಅವ್ರು ಯಾವ ವರ್ಷದ್ದು ಅಂತ ಕೇಳ್ತಾರ, ಸೆಕೆಂಡ್ ಹ್ಯಾಂಡ್ ತಗೊಂಡೋರಿಗೆ ಅದು ಆರ್‌ಸಿ ತಗದು ನೋಡೋತನಕ ಗೊತ್ತಿರಂಗಿಲ್ಲ.