ಪೋಸ್ಟ್‌ಗಳ ಎಣಿಕೆಗಿಂತ ತೆರೆದ ಪ್ರಶ್ನೆ ಮುಖ್ಯ

ಬ್ಲಾಗಿನಲ್ಲಿ ವಾರಕ್ಕೆ ಮೂರು ಪೋಸ್ಟ್ ಹಾಕಿದರೆ ನಮ್ಮ ಕ್ಷೇತ್ರದವರ ಜೊತೆ ಸಂಪರ್ಕ ತಾನಾಗಿಯೇ ಬೆಳೆಯುತ್ತದೆ ಎಂದು ಲೇಖನವೊಂದು ಹೇಳುತ್ತದೆ. ಆ ಮಾತು ಒಪ್ಪುವುದು ಕಷ್ಟ. ಎಲ್ಲವನ್ನೂ ಬಗೆಹರಿಸಿ ಬರೆದ ಬ್ಲಾಗಿಗೆ ಓದುಗರು ‘ಚೆನ್ನಾಗಿದೆ’ ಎಂದು ಹೋಗುತ್ತಾರೆ, ಅಷ್ಟೇ. ಎಲ್ಲಿ ಸಿಕ್ಕಿಕೊಂಡಿದ್ದೀರಿ, ಏನೇನು ಪ್ರಯತ್ನಿಸಿ ಬಿಟ್ಟಿರಿ ಎಂದು ಬರೆದರೆ ಗೊತ್ತಿರುವವರು ಕೈಜೋಡಿಸುತ್ತಾರೆ. ಗಣಿತಜ್ಞ ಟಿಮೊಥಿ ಗವರ್ಸ್ 2009ರಲ್ಲಿ ಮಾಡಿದ್ದು ಇದನ್ನೇ. ಜೋಡಣೆಗಳ ಗಣಿತಕ್ಕೆ (ಕಾಂಬಿನೇಟರಿಕ್ಸ್) ಸೇರಿದ ಹೇಲ್ಸ್–ಜ್ಯೂವೆಟ್ ಪ್ರಮೇಯದ ಸಾಂದ್ರತಾ ರೂಪ ಎಂಬ ಇನ್ನೂ ಬಲವಾದ ಆವೃತ್ತಿಗೆ ಹೊಸ ಪುರಾವೆ ಹುಡುಕೋಣ ಎಂದು ಬ್ಲಾಗಿನಲ್ಲೇ ಎಲ್ಲರನ್ನೂ ಕರೆದರು. ಅರೆಬರೆ ಊಹೆಯಾದರೂ ಸರಿ, ಬರೆಯಿರಿ ಎಂದರು. ಕೆಲವೇ ವಾರಗಳಲ್ಲಿ ದಾರಿ ಸಿಕ್ಕಿತು, ಪ್ರಬಂಧ ‘ಪಾಲಿಮ್ಯಾತ್’ ಎಂಬ ಸಾಮೂಹಿಕ ಹೆಸರಲ್ಲಿ ಬಂತು.

ಬೇರೆಯವರ ಬರಹಕ್ಕೆ ಉತ್ತರಿಸುವಾಗ ಯಾವ ವಾಕ್ಯಕ್ಕೆ ಎಂದು ಹೇಳಿ ಲಿಂಕ್ ಕೊಡಿ, ಅವರಿಗೆ ಎರಡು ಸಾಲಿನ ಮೇಲ್ ಕಳಿಸಿ. ನೀವು ವೈದ್ಯರೋ ವಕೀಲರೋ ಆಗಿದ್ದರೆ ರೋಗಿಗಳ, ಕಕ್ಷಿದಾರರ ವಿವರವನ್ನು ಮಾತ್ರ ಹೆಸರು ಬದಲಿಸಿಯೂ ಹಾಕಬೇಡಿ. ಊರು, ತಿಂಗಳು, ಕಾಯಿಲೆ ಮೂರೂ ಸೇರಿದರೆ ಗುರುತು ಸಿಕ್ಕಿಬಿಡುತ್ತದೆ.