ಹುಲಿಗೂ ಬೇಕು ಫೇಶಿಯಲ್

ಉಡುಪಿ, ಮಂಗಳೂರಿನಲ್ಲಿ ಈಗ ಸ್ವಲ್ಪ ದುಡ್ಡಾದವರೆಲ್ಲ ವನ್ಯಜೀವಿ ಛಾಯಾಗ್ರಾಹಕರು. ಡಾಕ್ಟರು, ಗುತ್ತಿಗೆದಾರರು, ಹೋಟೆಲ್ ಮಾಲಕರು, ಯಾರನ್ನು ಕೇಳಿದರೂ "ಈ ವೀಕೆಂಡ್ ಕಬಿನಿ" ಎನ್ನುತ್ತಾರೆ. ಕೈಯಲ್ಲಿ ಸಣ್ಣಪುಟ್ಟ ಸಾಮಾನಲ್ಲ ಮಾರಾಯ್ರೆ. 600 ಎಂಎಂ ಎಫ್4 ಲೆನ್ಸ್ ಒಂದಕ್ಕೇ 10 ಲಕ್ಷ ದಾಟುತ್ತದೆ. ಶುಕ್ರವಾರ ರಾತ್ರಿ ಘಾಟಿ ಹತ್ತಿದವರು ಭಾನುವಾರ ಇಳಿಯುತ್ತಾರೆ, ಸೋಮವಾರ ಬೆಳಿಗ್ಗೆ ಫೇಸ್‌ಬುಕ್ಕಿನಲ್ಲಿ ಹುಲಿ.

ಫೋಟೊ ಚಂದವೇ. ಚಿನ್ನದಂಥ ಬೆಳಕು, ಮಂಜು, ನಡುವೆ ಒಂಟಿ ಹುಲಿ. ಕೆಳಗೆ ಬರಹ: "ಕಾಡಿನ ಮೌನದಲ್ಲಿ ನಾನು ಮತ್ತು ಅವನು." ಅದೇ ಜೀಪಿನಲ್ಲಿದ್ದ, ಫೋಟೊ ತೆಗೆದವರ ಭಾವನವರು ಮೊಬೈಲಿನಲ್ಲಿ ತೆಗೆದ ವಿಡಿಯೊ ನಮ್ಮ ಫ್ಯಾಮಿಲಿ ಗ್ರೂಪಿಗೆ ಬಾರದೇ ಇರುತ್ತಿದ್ದರೆ ನಾನೂ ನಂಬುತ್ತಿದ್ದೆ. ವಿಡಿಯೊದಲ್ಲಿ ಹುಲಿಯ ಹಿಂದೆ ಸಾಲಾಗಿ ಜೀಪುಗಳು, ಒಂದು ಕ್ಯಾಂಟರ್, ಅದರ ತುಂಬ ಜನ, "ಎಲ್ಲಿ? ಎಲ್ಲಿ?" ಎನ್ನುವ ಗಲಾಟೆ, ಚಿಪ್ಸ್ ಪೊಟ್ಟಣ ಹಿಡಿದ ಒಂದು ಮಗು. ಹುಲಿ ಒಮ್ಮೆ ಆಕಳಿಸಿ ಹೊರಟುಹೋಗುತ್ತದೆ. ಫೋಟೊದಲ್ಲಿ ಆ ಆಕಳಿಕೆ ಘರ್ಜನೆಯಾಗಿದೆ.

ಜೀಪು, ಕ್ಯಾಂಟರು ಅಳಿಸುವುದು ಮೊದಲ ಪಾಠ ಅಷ್ಟೇ. ಆಮೇಲೆ ಅಡ್ಡ ಬಂದ ಕೊಂಬೆ ಹೋಗುತ್ತದೆ. ಕಿವಿಯ ಉಣ್ಣೆಹುಳ ಹೋಗುತ್ತದೆ. ಮೂಗಿನ ಮೇಲೆ ಯಾವುದೋ ಜಗಳದಲ್ಲಿ ಆದ ಗಾಯದ ಕಲೆ, ಅದು ಆ ಹುಲಿಯ ಇಡೀ ಜೀವನಚರಿತ್ರೆ, ಅದೂ ಹೋಗುತ್ತದೆ. ನಂತರ ಸ್ಯಾಚುರೇಷನ್ ಸ್ಲೈಡರನ್ನು ಬಲಕ್ಕೆ ಎಳೆದದ್ದೇ ಎಳೆದದ್ದು. ವಿಟ್ಲಪಿಂಡಿಯ ದಿನ ರಥಬೀದಿಯಲ್ಲಿ ಕುಣಿಯುವ ಹುಲಿವೇಷದವರೂ ಇಷ್ಟು ಬಣ್ಣ ಬಳಿದುಕೊಳ್ಳುವುದಿಲ್ಲ. ಕಣ್ಣಿಗೆ ಹೊಳಪು ಕೊಡಲಿಕ್ಕೆ ಈಗ ಎಐ ಬಂದಿದೆಯಲ್ಲ, ಅದು ಕೆಲವೊಮ್ಮೆ ಮನೆ ಬೆಕ್ಕಿನ ಹಾಗೆ ಉದ್ದ ಸೀಳಿನ ಪಾಪೆ ಇಟ್ಟುಬಿಡುತ್ತದೆ. ಹುಲಿಯ ಪಾಪೆ ದುಂಡಗೆ. ಆದರೂ ಕಮೆಂಟಿನಲ್ಲಿ "ವಾವ್ ಸರ್, ಐ ಕಾಂಟ್ಯಾಕ್ಟ್!"

ಇಲ್ಲೊಂದು ಸಣ್ಣ ತೊಡಕು ಉಂಟು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಒಂದೇ ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿಗೆ ಹೊಂದುವುದಿಲ್ಲ. ನಮ್ಮ ಪುತ್ತೂರಿನಲ್ಲೇ ಹುಟ್ಟಿದ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರು ಹಾದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ, ಇಟ್ಟು, ಈ ಪಟ್ಟೆ ನೋಡಿಯೇ ಒಂದೊಂದು ಹುಲಿಯನ್ನು ಗುರುತು ಹಿಡಿದು ಲೆಕ್ಕ ಹಾಕಿದರು. ಇವತ್ತಿಗೂ ಹುಲಿ ಗಣತಿಗೆ ಅದೇ ಆಧಾರ. ನಮ್ಮವರು ಹುಲ್ಲು ಅಳಿಸಿ ಆ ಜಾಗದಲ್ಲಿ ತಾವೇ ಪಟ್ಟೆ ಎಳೆಯುತ್ತಾರೆ. ಎಡಕ್ಕೆ ಹೋಗುತ್ತಿದ್ದ ಹುಲಿ ಬಲಕ್ಕೆ ಹೋದರೆ ಚಂದ ಎಂದು ಫೋಟೊವನ್ನೇ ಮಗುಚಿ ಹಾಕುತ್ತಾರೆ. ಅಲ್ಲಿಗೆ ಯಾವ ತಾಯಿಯೂ ಹೆರದ ಹೊಸ ಹುಲಿಯೊಂದು ಹುಟ್ಟಿತು. 2022ರ ಗಣತಿಯಲ್ಲಿ ಕರ್ನಾಟಕಕ್ಕೆ ಸಿಕ್ಕಿದ್ದು 563 ಹುಲಿ, ಮಧ್ಯಪ್ರದೇಶಕ್ಕೆ 785. ಸುಮ್ನೆ ಎರಡನೇ ಸ್ಥಾನದಲ್ಲೇ ಉಳಿದೆವು. ಕರಾವಳಿಯ ಲ್ಯಾಪ್‌ಟಾಪುಗಳನ್ನೂ ಎಣಿಸಿದ್ದರೆ ಆರಾಮಾಗಿ ಗೆಲ್ಲುತ್ತಿದ್ದೆವು.

ಇದು ನಮ್ಮೂರಿನವರೇ ಕಂಡುಹಿಡಿದ ವಿದ್ಯೆ ಎಂದು ಬೀಗುವ ಹಾಗೂ ಇಲ್ಲ. ಸ್ವೀಡನ್ನಿನ ಟೆರ್ಯೆ ಹೆಲ್ಲೆಸೊ ಎಂಬ ಪ್ರಶಸ್ತಿ ಪಡೆದ ಛಾಯಾಗ್ರಾಹಕ 2011ರಲ್ಲಿ ಸಿಕ್ಕಿಬಿದ್ದ. ಜುಲೈಯಲ್ಲಿ ತೆಗೆದೆ ಎಂದ ಲಿಂಕ್ಸ್ ಕಾಡುಬೆಕ್ಕಿನ ಮೈಮೇಲೆ ಚಳಿಗಾಲದ ದಪ್ಪ ಕೂದಲಿತ್ತು. ಚೀನಾದಲ್ಲಿ 2007ರಲ್ಲಿ ಒಬ್ಬ ರೈತ ಇನ್ನೂ ಮುಂದೆ ಹೋದ. ಕಾಡಿನಿಂದ ಮಾಯವಾಗಿದೆ ಎಂದುಕೊಂಡಿದ್ದ ದಕ್ಷಿಣ ಚೀನಾ ಹುಲಿಯ ಫೋಟೊ ತಂದ, ಅಧಿಕಾರಿಗಳು 20,000 ಯುವಾನ್ ಬಹುಮಾನ ಕೊಟ್ಟರು, ಕೊನೆಗೆ ಜನ ನೋಡಿದರೆ ಅದೇ ಹುಲಿ, ಅದೇ ಭಂಗಿಯಲ್ಲಿ, ಹೊಸ ವರ್ಷಕ್ಕೆ ಗೋಡೆಗೆ ಹಚ್ಚುವ ಪಟದಲ್ಲಿ ಕೂತಿತ್ತು. ನಮ್ಮಲ್ಲಿ ಕ್ರಮ ಉಲ್ಟಾ. ಹುಲಿ ಮೊದಲು ಲ್ಯಾಪ್‌ಟಾಪಿನಲ್ಲಿ ತಯಾರಾಗಿ, ಆಮೇಲೆ ಸೊಸೈಟಿಯ ಕ್ಯಾಲೆಂಡರಿಗೆ ಹೋಗುತ್ತದೆ.

ಇಷ್ಟೆಲ್ಲ ಮಾಡುವವರ ಮನೆಯ ಹಿಂದೆಯೇ ಚಿರತೆ ಓಡಾಡುತ್ತದೆ ಎನ್ನುವುದು ಬೇರೆ ವಿಷಯ. ನಾಯಿಯನ್ನು ಅಟ್ಟಿಸಿಕೊಂಡು ಬಂದು ತೋಟದ ಬಾವಿಗೆ ಬೀಳುವ ಚಿರತೆ ನಮ್ಮ ಜಿಲ್ಲೆಗಳಿಗೆ ಹೊಸತಲ್ಲ. ಬಿದ್ದದ್ದೇ ತಡ, ಬಾವಿಕಟ್ಟೆ ಸುತ್ತ ಊರಿಗೆ ಊರೇ ಮೊಬೈಲು ಹಿಡಿದು ಬಗ್ಗುತ್ತದೆ. ಅರಣ್ಯ ಇಲಾಖೆಯವರು ಹಗ್ಗ ಕಟ್ಟಿ ಬೋನು ಇಳಿಸಬೇಕು, ಅದಕ್ಕೆ ಮೊದಲು "ಹಿಂದೆ ಹೋಗಿ, ಹಿಂದೆ ಹೋಗಿ" ಎಂದು ಗಂಟಲು ಹರಿದುಕೊಳ್ಳಬೇಕು. ಆ ಚಿರತೆಯ ಫೋಟೊ ಮಾತ್ರ ನಮ್ಮ ಲೆನ್ಸಿನವರಿಗೆ ಬೇಡ. ಬಾವಿಯಲ್ಲಿ ಬೆಳಕಿಲ್ಲ, ಮೈಯೆಲ್ಲ ಕೆಸರು, ಮುಖದಲ್ಲಿ ಗತ್ತಿಲ್ಲ. ಚಿರತೆ ಅಂದ್ರೆ ಕಬಿನಿಯದ್ದು, ಅದೂ ಕಪ್ಪು. ಮನೆ ಹಿಂದಿನದ್ದನ್ನು ಬೇಗ ಹಿಡಿದು ದೂರ ಬಿಡಿ ಎಂದು ಅರ್ಜಿ ಬರೆದವರ ಪ್ರೊಫೈಲ್ ಚಿತ್ರದಲ್ಲಿ "ಹುಲಿ ಉಳಿಸಿ" ಎಂದಿರುತ್ತದೆ.

ಈಗ ಪಕ್ಕದ ಬಡಾವಣೆಯ ಕಥೆ ಕೇಳಿ. ಸಿಸಿಟಿವಿಯಲ್ಲಿ ಮಧ್ಯರಾತ್ರಿ ಕಂಪೌಂಡಿನ ಬದಿಯಲ್ಲಿ ಬೂದುಬಣ್ಣದ ಏನೋ ಒಂದು ಹೋಯಿತು. ಮಸುಕು ಮಸುಕು. ಬಡಾವಣೆಯ ಛಾಯಾಗ್ರಾಹಕರು "ಸ್ವಲ್ಪ ಕ್ಲಿಯರ್ ಮಾಡಿ ಕಳಿಸ್ತೇನೆ" ಎಂದು ಅದನ್ನು ಎಐಗೆ ಹಾಕಿದರು. ಹತ್ತು ನಿಮಿಷದಲ್ಲಿ ಚುಕ್ಕೆ ಬಂತು, ಮೀಸೆ ಬಂತು, ಕಣ್ಣು ಫಳಫಳ. ಗ್ರೂಪಿನಲ್ಲಿ ಗುಲ್ಲೋ ಗುಲ್ಲು. ಬೆಳಿಗ್ಗೆ ವಾಕಿಂಗ್ ಬಂದ್, ಟ್ಯೂಷನ್ ಬಂದ್.

ಅರಣ್ಯ ಇಲಾಖೆಯಿಂದ ಬಂದ ಗಾರ್ಡ್ ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಹೆಜ್ಜೆ ನೋಡಿದರು. "ಉಗುರಿನ ಗುರುತು ಉಂಟು ಸರ್. ಚಿರತೆ ನಡೆಯುವಾಗ ಉಗುರು ಒಳಗೆ ಎಳ್ಕೊಂಡಿರ್ತದೆ. ಇದು ನಾಯಿ."

"ಹಾಗಾದ್ರೆ ಇದೆಂತದ್ದು?" ಎಂದು ಛಾಯಾಗ್ರಾಹಕರು ಮೊಬೈಲು ಮುಖಕ್ಕೆ ಹಿಡಿದರು.

ಗಾರ್ಡ್ ಎರಡು ಬೆರಳಿನಲ್ಲಿ ಹಿಗ್ಗಿಸಿ ನೋಡಿದರು. "ಚಂದ ಉಂಟು ಸರ್. ಹಿಂದಿನ ಕಾಲು ಮೂರು ಉಂಟು."

ಯಾರೂ ಒಪ್ಪಲಿಲ್ಲ. ಫೋಟೊ ಇಷ್ಟು ಕ್ಲಿಯರ್ ಇರುವಾಗ ಮಣ್ಣು ನೋಡುವುದು ಎಂತಕ್ಕೆ, ಅಲ್ವಾ? ಎಲ್ಲಿಗೋ ಫೋನು ಹೋಯಿತು, ಸಂಜೆಗೆ ಬೋನು ಬಂತು. ಬೋನಿನೊಳಗೆ ಚಿರತೆಯ ಆಸೆಗೆ ಕಟ್ಟಲಿಕ್ಕೆ ಒಂದು ನಾಯಿ ಬೇಕಲ್ಲ? ಬಡಾವಣೆಯಲ್ಲಿ ಬೀದಿನಾಯಿ ಎಂದು ಇದ್ದದ್ದು ಒಂದೇ, ಸಿಸಿಟಿವಿಯಲ್ಲಿ ಬಂದದ್ದು.